ಮುಖ ನೋಡಿ ಕೀಲಿಕೈ ಕೊಟ್ಟ ಬಾವಾಕ

ದುಬೈ, ಬೆಳಗಿನ ನಾಲ್ಕೂವರೆ. ಅಲ್ ಕೂಜ್‌ನ ಗೋದಾಮುಗಳ ನಡುವಿನ ನಾಲ್ಕಂತಸ್ತಿನ ಕಟ್ಟಡದ ತಾರಸಿಯ ಮೇಲೆ ಬಾವಾಕ ನೀರಿನ ಟ್ಯಾಂಕಿಗೆ ಅಂಗೈ ಒತ್ತಿ ನಿಂತಿದ್ದಾರೆ. ಸೂರ್ಯ ಇನ್ನೂ ಹುಟ್ಟಿಲ್ಲ, ಟ್ಯಾಂಕು ಆಗಲೇ ಬಿಸಿ. ಸೆಪ್ಟೆಂಬರ್ ಬಂದರೂ ಇಲ್ಲಿ ನಲ್ಲಿಯ ನೀರನ್ನು ನೇರವಾಗಿ ಮೈಮೇಲೆ ಹೊಯ್ದುಕೊಳ್ಳುವ ಹಾಗಿಲ್ಲ. ಅದಕ್ಕೆ ಅವರು ಮೇ ತಿಂಗಳಲ್ಲೇ ಎಲ್ಲ ಬಚ್ಚಲುಗಳ ಗೀಸರ್ ಆರಿಸಿಬಿಡುತ್ತಾರೆ. ಒಳಗಿನ ಏಸಿಯ ತಂಪಿಗೆ ಗೀಸರಿನಲ್ಲಿ ನಿಂತ ನೀರು ಬೆಳಗಾಗುವಷ್ಟರಲ್ಲಿ ಆರಿರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬೆಂಕಿ. ಹೊಸದಾಗಿ ಬಂದ ಹೆಂಗಸರಿಗೆ ಅವರು ಹೇಳಿಕೊಡುವ ಮೊದಲ ಪಾಠ ಇದೇ.

ಇವತ್ತು ಅವರ ಕೈ ಟ್ಯಾಂಕಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇದೆ. ಹತ್ತು ಗಂಟೆಗೆ ಶಾಲೆಯ ಪ್ರಿನ್ಸಿಪಾಲರ ಕೋಣೆಯಲ್ಲಿ ಅವರ ವಿಚಾರಣೆ. ಅಲ್ಲಿ ಒಂದು ವಾಕ್ಯ ಹೇಳಿದರೆ ಅವರ ಕೆಲಸ ಉಳಿಯುತ್ತದೆ. ಆ ವಾಕ್ಯ ಸುಳ್ಳು. ಹೇಳದಿದ್ದರೆ ಈ ತಿಂಗಳ ಕೊನೆಗೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ವಿಸಾ, ಅದರ ಹಿಂದೆಯೇ ನೆಲಮಹಡಿಯ ಎರಡು ಕೋಣೆಗಳ ಮನೆ. ಆ ಮನೆಯಲ್ಲಿ ಈಗ ಹೆಂಡತಿ ಪಾತುಮ್ಮ ಚಹಾ ಕುದಿಸುತ್ತಿದ್ದಾರೆ. ಮಗಳು ಮಿನ್ಹಾ ಹನ್ನೆರಡನೇ ತರಗತಿಯ ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಾಳೆ. ಅವಳ ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ.

"ಯಲ್ಲಾ ಯಲ್ಲಾ, ಸೆಕೆಂಡ್ ಬಸ್!" ಬಾವಾಕ ಮೆಟ್ಟಿಲಿಳಿಯುತ್ತಾ ಬಾಗಿಲುಗಳನ್ನು ಬಡಿಯುತ್ತಾರೆ. ನೀಲಿ ಕೋಟು ತೊಟ್ಟ ಹೆಂಗಸರು ಒದ್ದೆ ಕೂದಲಲ್ಲೇ ಹೊರಬೀಳುತ್ತಾರೆ. ಶಾಲಾ ಬಸ್ಸುಗಳಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾಗಳು, ತರಗತಿ ಗುಡಿಸುವವರು, ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವರು, ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಮಂದಿ. ಕೋಣೆಗೆ ನಾಲ್ವರು.

"ಕುಯಾ ಬಾವಾ, ಇವತ್ತು ಮುಖ ಯಾಕೆ ಹುಳಿ ಮಾವಿನ ಹಾಗೆ?" ಫಿಲಿಪ್ಪೀನ್ಸಿನ ಮಾರಿಸೆಲ್ ಬಸ್ಸು ಹತ್ತುತ್ತಾ ಕೆಣಕುತ್ತಾಳೆ. ಅವಳ ಭಾಷೆಯಲ್ಲಿ ಕುಯಾ ಅಂದರೆ ಅಣ್ಣ.

"ನನ್ನ ಮುಖ ನೋಡ್ಬೇಡ. ಮುಖ ನೋಡಿಯೇ ಎಲ್ಲ ಹಾಳಾದದ್ದು," ಎನ್ನುತ್ತಾರೆ ಬಾವಾಕ, ಹಿಂದಿಯಲ್ಲಿ. ಬಸ್ಸಿನಲ್ಲಿ ಯಾರೂ ನಗುವುದಿಲ್ಲ.

ಕಂಪನಿಯ ಗುರುತಿನ ಚೀಟಿಯಲ್ಲಿ ಅವರ ಹುದ್ದೆ 'ಕ್ಯಾಂಪ್ ಬಾಸ್'. ಕೆಲಸಗಾರರ ವಸತಿ ನೋಡಿಕೊಳ್ಳುವವನಿಗೆ ಗಲ್ಫಿನಲ್ಲಿ ಅದೇ ಹೆಸರು. ನಲ್ಲಿ ಸೋರಿದರೆ, ಲಿಫ್ಟ್ ನಿಂತರೆ, ಯಾರಿಗಾದರೂ ಜ್ವರ ಬಂದರೆ, ಯಾರದೋ ಊರಲ್ಲಿ ತಾಯಿ ತೀರಿಹೋದರೆ ಮೊದಲು ಬಡಿಯುವ ಬಾಗಿಲು ಅವರದು. ಹೊಸಬರನ್ನು ಏರ್‌ಪೋರ್ಟಿನಿಂದ ಕರೆತರುವವರೂ ಅವರೇ, ದಿನಾ ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟುಗಳಿಂದ ಟೀಚರುಗಳನ್ನು ವ್ಯಾನಿನಲ್ಲಿ ಶಾಲೆಗೆ ಬಿಡುವವರೂ ಅವರೇ. "ಬಾಸ್ ಅಂತ ಇಷ್ಟು ವರ್ಷದಲ್ಲಿ ಒಬ್ಬನೂ ಕರೀಲಿಲ್ಲ ಮಾರಾಯ್ರೆ. ಒಬ್ಬ ಪ್ಲಂಬರ್ ಕರ್ದಿದ್ದ. ಅವನಿಗೆ ಬಿಲ್ ಪಾಸ್ ಆಗ್ಬೇಕಿತ್ತು."

ಊರು ಉಳ್ಳಾಲದ ಆಚೆಯ ಕಿನ್ಯ, ಬ್ಯಾರಿ ಕುಟುಂಬ. ತಂದೆ ಮಂಗಳೂರಿನ ಹಳೆ ಬಂದರಿನಲ್ಲಿ ಮೂಟೆ ಹೊತ್ತವರು. ಬಾವಾಕ ಇಪ್ಪತ್ತೇಳು ವರ್ಷದ ಹಿಂದೆ ಇದೇ ಶಾಲೆಗೆ ಚಹಾ ಕೊಡುವವರಾಗಿ ಬಂದರು. ಹೆಂಗಸರ ಕಟ್ಟಡಕ್ಕೆ ಸಂಸಾರಸ್ಥನೇ ಬೇಕು ಎಂದು ಶಾಲೆ ತೀರ್ಮಾನಿಸಿದಾಗ ಅವರಿಗೆ ಈ ಕೆಲಸ ಸಿಕ್ಕಿತು, ಪಾತುಮ್ಮನಿಗೆ ವಿಸಾ ಸಿಕ್ಕಿತು. ಮಿನ್ಹಾ ಹುಟ್ಟಿದ್ದು ದುಬೈಯಲ್ಲೇ. ಕಿನ್ಯವನ್ನು ಅವಳು ರಜೆಯಲ್ಲಷ್ಟೇ ಕಂಡಿದ್ದಾಳೆ.

ಅವರ ಮೇಲಧಿಕಾರಿ ಮುಸ್‌ಅಬ್ ಭಟ್ಕಳದ ನವಾಯತಿ ಮನೆತನದವರು, ವಯಸ್ಸಿನಲ್ಲಿ ಹದಿನೆಂಟು ವರ್ಷ ಚಿಕ್ಕವರು. ಇಬ್ಬರೂ ಒಂದೇ ಕರಾವಳಿಯವರು, ಒಂದೇ ಮಸೀದಿಯಲ್ಲಿ ಶುಕ್ರವಾರದ ನಮಾಜು. ಆದರೆ ಒಬ್ಬರ ಕೈಯಲ್ಲಿ ಸಹಿ, ಇನ್ನೊಬ್ಬರ ಕೈಯಲ್ಲಿ ಕೀಲಿಗೊಂಚಲು. ಯಾಕೆ ಹಾಗೆ ಎಂದರೆ ಬಾವಾಕರ ಬಳಿ ಉತ್ತರ ಸಿದ್ಧವಿದೆ: "ಅವರಿಗೆ ಇಲ್ಲಿ ದೇರಾ ಪೇಟೆಯಲ್ಲಿ ಅಜ್ಜನ ಬಟ್ಟೆ ಅಂಗಡಿ ಇತ್ತು. ನಮಗೆ ಅಜ್ಜನ ಉಬ್ಬಸ ಇತ್ತು. ಇಬ್ಬರಿಗೂ ಆಸ್ತಿ ಬಂದಿದೆ, ಅಲ್ವಾ?"

ಈ ಕಟ್ಟಡದಲ್ಲಿ ಇಷ್ಟು ವರ್ಷ ಒಂದೂ ದೊಡ್ಡ ಜಗಳ ಆಗಿಲ್ಲ. ಅದು ಬಾವಾಕರ ಹೆಮ್ಮೆ. ಅವರು ಕೋಣೆ ಹಂಚುವುದು ದೇಶ ನೋಡಿ ಅಲ್ಲ, ಧರ್ಮ ನೋಡಿ ಅಲ್ಲ, ಒಲೆ ನೋಡಿ. "ಜಗಳ ಎಲ್ಲ ಶುರು ಆಗುದು ಅಡುಗೆಮನೆಯಿಂದ. ಒಣಮೀನಿನ ವಾಸನೆ ಆಗದವಳನ್ನು ಒಣಮೀನು ಹುರಿಯುವವಳ ಜೊತೆ ಹಾಕಿ ನೋಡಿ, ಮೂರೇ ದಿನ. ಅದಕ್ಕೆ ನಾನು ಏರ್‌ಪೋರ್ಟಲ್ಲೇ ಕೇಳುದು, ರೈಸಾ ಬ್ರೆಡ್ಡಾ ಅಂತ." ಹೆಸರು ಬರೆದ ಬೋರ್ಡು ಹಿಡಿದು ನಿಲ್ಲುವ ಅಭ್ಯಾಸ ಅವರಿಗಿಲ್ಲ. ನೂರು ಜನರ ನಡುವೆ ತಮ್ಮವರು ಯಾರು ಎಂದು ಮುಖ ನೋಡಿಯೇ ಹೇಳುತ್ತೇನೆ ಎನ್ನುತ್ತಿದ್ದರು. ಹೇಳುತ್ತಲೂ ಇದ್ದರು. ಆಗಸ್ಟ್ ಮೂರನೇ ವಾರದ ಆ ಸಂಜೆಯವರೆಗೆ.

ಅಂದು ಇಬ್ಬರನ್ನು ಕರೆತರಬೇಕಿತ್ತು. ಮನಿಲಾದಿಂದ ಒಬ್ಬಳು ಆಯಾ, ಅಮೆರಿಕದಿಂದ ಒಬ್ಬರು ಟೀಚರ್. ಎರಡೂ ವಿಮಾನ ಹೆಚ್ಚುಕಡಿಮೆ ಒಟ್ಟಿಗೆ ಇಳಿದವು. ಆಯಾಳನ್ನು ಮನಿಲಾದಲ್ಲೇ ತಡೆದು ನಿಲ್ಲಿಸಿದ್ದರು, ಆ ಸುದ್ದಿ ಬಾವಾಕರಿಗೆ ಬಂದಿರಲಿಲ್ಲ. ಕಂಬಿಯ ಆಚೆಯಿಂದ ಗಿಡ್ಡನೆಯ, ಕಪ್ಪು ಕೂದಲಿನ ಹುಡುಗಿಯೊಬ್ಬಳು ಶಾಲೆಯ ವ್ಯಾನ್ ಇದೇನಾ ಎಂದು ಕೇಳುತ್ತಾ ಬಂದಳು. ಬಾವಾಕ ನೋಡಿದರು, ತೀರ್ಮಾನಿಸಿದರು, ಪೆಟ್ಟಿಗೆ ಎತ್ತಿಕೊಂಡರು. ವ್ಯಾನಿನಲ್ಲಿ ಮಾಮೂಲು ಪ್ರಶ್ನೆ: "ಮೇಡಂ, ಯು ಈಟ್ ರೈಸ್? ಬ್ರೆಡ್?"

ಹುಡುಗಿ ನಕ್ಕಳು. ರೈಸ್, ಅದೂ ಅಂಟಂಟಾದ ಅನ್ನ, ಕೈಯಲ್ಲಿ ಉಂಡೆ ಮಾಡಿ ಮೀನಿನ ರಸಕ್ಕೆ ಅದ್ದಿ ತಿನ್ನುವುದು ಎಂದಳು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಈ ಪ್ರಯಾಣದಲ್ಲಿ ಯಾರೂ ಕೇಳಿರಲಿಲ್ಲ ಎಂದೂ ಹೇಳಿದಳು. ಬಾವಾಕರಿಗೆ ಖುಷಿಯೋ ಖುಷಿ. ನೇರವಾಗಿ ಅಲ್ ಕೂಜ್. ಮಾರಿಸೆಲ್‌ಳ ಕೋಣೆ, ಕೆಳಗಿನ ಮಂಚ. ಗೀಸರಿನ ಪಾಠ. ಆಮೇಲೆ ಆಫೀಸಿಗೆ ಫೋನು: "ಅಮೆರಿಕದ ಮೇಡಂ ಬರ್ಲಿಲ್ಲ. ಫ್ಲೈಟ್ ತಪ್ಪಿರ್ಬೇಕು."

ಆಕೆಯ ಹೆಸರು ಮಾಲಿವಾನ್. ಅಮೆರಿಕದ ಮಿನೆಸೋಟಾದವರು, ನಾಲ್ಕನೇ ತರಗತಿಯ ಟೀಚರ್. ಅಜ್ಜಿ ಲಾವೋಸಿನಿಂದ ಮೆಕಾಂಗ್ ನದಿ ದಾಟಿ ನಿರಾಶ್ರಿತರಾಗಿ ಹೋದವರು. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಆಕೆಗಾಗಿ ಕಾದಿದ್ದ ಫ್ಲ್ಯಾಟಿನಲ್ಲಿ ಹಿಂದಿನ ದಿನವೇ ಬಂದಿದ್ದ ಕ್ಯಾರೊಲಿನ್ ಒಬ್ಬರೇ ಇದ್ದರು. ಅವರೂ ಮಿನೆಸೋಟಾದವರೇ, ಮುತ್ತಜ್ಜ ನಾರ್ವೆಯಿಂದ ಹೋದವರು. ಅವರನ್ನು ಬಾವಾಕ ಏರ್‌ಪೋರ್ಟಿನಲ್ಲಿ ದೂರದಿಂದಲೇ ಗುರುತಿಸಿದ್ದರು. ರೈಸೋ ಬ್ರೆಡ್ಡೋ ಎಂದು ಕೇಳಲೇ ಇಲ್ಲ.

ಮಾಲಿವಾನ್ ಎರಡು ದಿನ ಯಾರಿಗೂ ಏನೂ ಹೇಳಲಿಲ್ಲ. ಮೊದಲ ದಿನ, ಶಾಲೆ ಕೊಡುವ ವಸತಿ ಇದೇ ಇರಬೇಕು ಎಂದುಕೊಂಡರಂತೆ. ಎರಡನೇ ದಿನ ಹೊಸ ಟೀಚರುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಕ್ಯಾರೊಲಿನ್ ಹಾಕಿದ ಫೋಟೋ ಕಂಡರು: ಬಾಲ್ಕನಿ, ಕೆಳಗೆ ಹಸಿರು ಹುಲ್ಲು. ಆಮೇಲೆ ಅವರು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ಸೋಮವಾರ ಆಯಾಗಳ ಬಸ್ಸಿನಲ್ಲೇ ಶಾಲೆಗೆ ಹೋದರು. ಗೇಟಿನಲ್ಲಿದ್ದವನು ಸಮವಸ್ತ್ರ ಹಂಚುವ ಸಾಲಿಗೆ ಕೈ ತೋರಿಸಿದ. ಸಾಲಿನಲ್ಲಿ ನಿಂತರು. ನೀಲಿ ಕೋಟು ಪಡೆದರು. ಅದನ್ನು ಮಡಚಿ ಹಿಡಿದುಕೊಂಡು, ಹೊಸ ಟೀಚರುಗಳಿಗೆ ಸ್ವಾಗತ ಭಾಷಣ ನಡೆಯುತ್ತಿದ್ದ ಸಭಾಂಗಣಕ್ಕೆ ಹೋಗಿ ಪ್ರಿನ್ಸಿಪಾಲರ ಮುಂದಿನ ಮೇಜಿನ ಮೇಲಿಟ್ಟರು. "ನಾನು ನಿಮ್ಮ ಟೀಚರ್. ಯಾರು ಮೊದಲು ಕೇಳುತ್ತಾರೆ ಅಂತ ಎರಡು ದಿನದಿಂದ ನೋಡುತ್ತಿದ್ದೆ. ಯಾರೂ ಕೇಳಲಿಲ್ಲ."

ಅದೇ ಮಧ್ಯಾಹ್ನ ಆಕೆಯ ದೂರು ದಾಖಲಾಯಿತು. ಮಾಲಿವಾನ್ ಡಿಸ್ಕವರಿ ಗಾರ್ಡನ್ಸ್‌ಗೆ ಹೋದರು. ಬಾವಾಕ ಪೆಟ್ಟಿಗೆ ಹೊತ್ತು ಫ್ಲ್ಯಾಟಿನ ಬಾಗಿಲಲ್ಲಿ ಸಾರಿ ಎಂದಾಗ ಆಕೆ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಅಂದಿನಿಂದ ದಿನಾ ವ್ಯಾನಿನಲ್ಲಿ ಹಿಂದೆ ಕೂರುತ್ತಾರೆ, ಮಾತಿಲ್ಲ.

ನಿನ್ನೆ ಸಂಜೆ ಮುಸ್‌ಅಬ್ ಪಾರ್ಕಿಂಗಿನಲ್ಲಿ ಕಾರಿನ ಗಾಜು ಇಳಿಸಿದರು. ಕೆಳಗಿಳಿಯಲಿಲ್ಲ.

"ಬಾವಾ ಭಾಯ್, ನಾಳೆ ಒಂದೇ ಮಾತು ಹೇಳಿ. ತನ್ನ ಕಡೆಯವರ ಜೊತೆ ಇರ್ತೇನೆ ಅಂತ ಆ ಟೀಚರೇ ಕೇಳಿದ್ಲು. ಖಲಾಸ್."

"ಅವರು ಕೇಳ್ಲಿಲ್ಲ ಸಾಹೇಬ್ರೆ."

"ರೈಸ್ ಬೇಕು ಅಂದ್ಲಾ ಇಲ್ವಾ?"

"ಅಂದ್ರು."

"ಹಾಗಾದ್ರೆ ಅರ್ಧ ಸತ್ಯ ಉಂಟಲ್ಲ. ಇದು ಹೊರಗೆ ಹೋದ್ರೆ ಸ್ಕೂಲಿನ ಹೆಸರು ಹೋಗ್ತದೆ. ನನ್ನ ತಲೆ ಹೋಗ್ತದೆ. ನಿಮ್ಮ ರಿನ್ಯೂವಲ್ ನನ್ನ ಟೇಬಲ್ ಮೇಲೆ ಕೂತಿದೆ. ಎರಡು ವರ್ಷಕ್ಕೆ ಸೈನ್ ಮಾಡ್ಲಿಕ್ಕೆ ನಂಗೂ ಇಷ್ಟ."

ಗಾಜು ಮೇಲೇರಿತು.

ಮನೆಯಲ್ಲಿ ಬಾವಾಕ ಉಣ್ಣುತ್ತಾ ಹೇಳಿದರು. ಪಾತುಮ್ಮ ಸೌಟು ಹಿಡಿದು ನಿಂತೇ ಕೇಳಿದರು. ಮಿನ್ಹಾ ಪುಸ್ತಕದಿಂದ ತಲೆ ಎತ್ತಿದಳು. "ಜಸ್ಟ್ ಸೇ ಇಟ್, ಉಪ್ಪ. ಇಟ್ಸ್ ಒನ್ ಲೈನ್."

"ಆ ಮೇಡಂ ಹೇಳದ್ದನ್ನು ಹೇಳಿದ್ರು ಅಂತ ಹೇಳುದಾ?" ಎಂದರು ಬಾವಾಕ.

"ಎವ್ರಿಬಡಿ ಡಸ್ ಇಟ್. ಮೇಲಿನವರು ನಿಮಗೆ ಮಾಡಲ್ವಾ? ಕಿನ್ಯದಲ್ಲಿ ನಾನು ಎಂತ ಮಾಡ್ಲಿ? ಐ ಡೋಂಟ್ ಈವನ್ ರೈಟ್ ಕನ್ನಡ!"

ಪಾತುಮ್ಮ ಮಗಳ ತಟ್ಟೆಗೆ ಸಾರು ಬಡಿಸಿದರು. "ನೀವು ಹೇಳುದೋ ಬಿಡುದೋ ನಿಮ್ಗೆ ಬಿಟ್ಟದ್ದು. ಆದ್ರೆ ಹೇಳಿ ಬಂದು ಆಮೇಲೆ ಇಡೀ ವರ್ಷ ನನ್ನ ಹತ್ರ ಕೊರಗ್ಬೇಡಿ. ನಂಗೆ ಕೇಳ್ಲಿಕ್ಕೆ ಆಗುದಿಲ್ಲ."

ಆರೂವರೆ. ಶೇಖ್ ಜಾಯೆದ್ ರಸ್ತೆಯಲ್ಲಿ ವ್ಯಾನು ತೆವಳುತ್ತಿದೆ. ಹಿಂದಿನ ಸೀಟಿನಲ್ಲಿ ಕ್ಯಾರೊಲಿನ್ ಮತ್ತು ಮಾಲಿವಾನ್. ಒಂದೇ ಫ್ಲ್ಯಾಟಿನಲ್ಲಿ ಎರಡು ವಾರ ಕಳೆದಿದ್ದಾರೆ, ಗೆಳತಿಯರಾಗುವ ಹಂತದಲ್ಲಿದ್ದಾರೆ, ಆದರೆ ಆಗಿಲ್ಲ. ಬಾವಾಕರ ಇಂಗ್ಲಿಷ್ ಬಾಯಿಗಿಂತ ಕಿವಿಯಲ್ಲಿ ಚೆನ್ನಾಗಿದೆ.

"ಇವತ್ತು ನಾನೂ ಬರ್ತೀನಿ," ಎನ್ನುತ್ತಾರೆ ಕ್ಯಾರೊಲಿನ್. "ನಾವಿಬ್ಬರೂ ವಲಸೆ ಹೋದವರ ಮಕ್ಕಳೇ. ನಂಗೂ ಅರ್ಥ ಆಗುತ್ತೆ."

"ನಿನ್ನ ಮುತ್ತಜ್ಜನಿಗೆ ಸರ್ಕಾರ ಜಮೀನು ಕೊಡ್ತು. ನನ್ನಜ್ಜಿಗೆ ಟರ್ಕಿ ಕೋಳಿ ಕತ್ತರಿಸೋ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಕೊಟ್ರು."

"ಆ ಜಮೀನು ನಮ್ಮಪ್ಪನ ಕಾಲಕ್ಕೇ ಹೋಯ್ತು ಮಾಲಿ. ನಾನು ಹೋಟೆಲಲ್ಲಿ ತಟ್ಟೆ ತೊಳೆದು ಓದಿದವಳು. ನಿಮ್ಮಮ್ಮನಿಗೆ ಸ್ವಂತ ಮನೆ ಇದೆ, ನಮ್ಮಮ್ಮನಿಗಿಲ್ಲ."

"ಸರಿ. ಲೆಕ್ಕ ಹಾಕಿದ್ರೆ ನಾವು ಸಮ. ಒಂದೇ ಡಿಗ್ರಿ, ಒಂದೇ ಸಂಬಳ. ನಾನೇ ಒಂದು ಮೆಟ್ಟಿಲು ಮೇಲಿರಬಹುದು. ಆದ್ರೆ ನೂರೈವತ್ತು ವರ್ಷದಲ್ಲಿ ನಿಮ್ಮವರಿಗೆ ಒಂದು ಸವಲತ್ತು ಸಿಕ್ಕಿತು. ಬಾಗಿಲಲ್ಲಿ ನೀನು ಯಾರು ಅಂತ ಹೇಳಬೇಕಾಗಿಲ್ಲ. ಅದು ಸಂಬಳದ ಚೀಟಿಯಲ್ಲಿ ಕಾಣಲ್ಲ."

"ನೀನು ಹೇಳಬಹುದಿತ್ತಲ್ಲ? ಮೊದಲ ದಿನವೇ?"

"ನೀನು ಹೇಳಿದ್ಯಾ?"

ಕ್ಯಾರೊಲಿನ್ ಕಿಟಕಿಯ ಕಡೆ ತಿರುಗುತ್ತಾರೆ. ಸ್ಟೀರಿಂಗ್ ಹಿಡಿದ ಬಾವಾಕರ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿದೆ. ಹಿಂದೆ ಕೂತವರ ಹಿರಿಯರು ಎಲ್ಲಿಂದ ಬಂದಿದ್ದರೂ ಆ ದೇಶ ಇಬ್ಬರಿಗೂ ಪಾಸ್‌ಪೋರ್ಟ್ ಕೊಟ್ಟಿದೆ. ಮಿನ್ಹಾ ಇಲ್ಲೇ ಹುಟ್ಟಿದ್ದಾಳೆ, ಮುಸ್‌ಅಬ್‌ರ ತಂದೆ ಬೆಳೆದದ್ದೂ ಇಲ್ಲೇ. "ನಾವು ನವಾಯತಿ ಆದ್ರೂ ಬ್ಯಾರಿ ಆದ್ರೂ ಇಲ್ಲಿ ವಿಸಾದವ್ರೇ," ಎಂದು ಬಾವಾಕ ಆಮೇಲೆ ಹೇಳುತ್ತಾರೆ. "ವ್ಯತ್ಯಾಸ ಎಂತ ಅಂದ್ರೆ, ಸಾಹೇಬ್ರ ವಿಸಾ ಅವರ ಅಂಗಡಿಯದ್ದು, ಅವರದ್ದೇ. ನಂದು ಅವರ ಟೇಬಲ್ ಮೇಲೆ."

"ಏಸಿ ಓಕೆ, ಮೇಡಂ?" ಕನ್ನಡಿಯಲ್ಲಿ ನೋಡಿ ಕೇಳುತ್ತಾರೆ.

"ಓಕೆ," ಎನ್ನುತ್ತಾರೆ ಮಾಲಿವಾನ್, ಕನ್ನಡಿಯತ್ತ ನೋಡದೆ.

ಹತ್ತು ಗಂಟೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಬಾವಾಕರಿಗೆ ಕುರ್ಚಿ ಕೊಡುತ್ತಾರೆ. ಈ ಕೋಣೆಗೆ ಅವರು ಲೆಕ್ಕವಿಲ್ಲದಷ್ಟು ಸಲ ಚಹಾ ತಂದಿದ್ದಾರೆ, ಏಸಿಯವನನ್ನು ಕರೆತಂದಿದ್ದಾರೆ, ಕೂತಿಲ್ಲ. ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಎದುರಿಗೆ ಮಾಲಿವಾನ್, ಕ್ಯಾರೊಲಿನ್ ಬಂದಿಲ್ಲ. ಪಕ್ಕದಲ್ಲಿ ಮುಸ್‌ಅಬ್, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ.

ಪ್ರಿನ್ಸಿಪಾಲರು ನಿಧಾನವಾಗಿ, ಅರ್ಥವಾಗುವ ಇಂಗ್ಲಿಷಿನಲ್ಲಿ ಕೇಳುತ್ತಾರೆ: ತನ್ನ ಸಮುದಾಯದವರ ಜೊತೆ ಇರಿಸಿ ಎಂದು ಈಕೆ ನಿಮ್ಮನ್ನು ಕೇಳಿಕೊಂಡರೇ? ಹಾಗೆಂದು ನಮಗೆ ತಿಳಿದುಬಂದಿದೆ.

ಮಾಲಿವಾನ್ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ಹೀಗೊಂದು ಮಾತು ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮುಸ್‌ಅಬ್‌ರ ಮುಚ್ಚಳ ನಿಲ್ಲುತ್ತದೆ.

ಬಾವಾಕ ಹೌದು ಎಂದರೆ ಸಾಕು. ವಿವರಿಸಲೂ ಬೇಕಿಲ್ಲ.

"ನೋ, ಸರ್. ಶಿ ನಾಟ್ ಆಸ್ಕ್. ಐ ಸೀ ಫೇಸ್. ಐ ಥಿಂಕ್ ಬಸ್ ಆಯಾ." ಮುಂದಿನದ್ದಕ್ಕೆ ಇಂಗ್ಲಿಷ್ ಸಾಲುವುದಿಲ್ಲ. ಹಿಂದಿಗೆ ತಿರುಗುತ್ತಾರೆ, ಮುಸ್‌ಅಬ್‌ರೇ ಅದನ್ನು ಇಂಗ್ಲಿಷಿಗೆ ಹೇಳಬೇಕಾಗುತ್ತದೆ. "ನಾನು ಹೆಸರು ಕೇಳಲಿಲ್ಲ. ಏನು ತಿನ್ನುತ್ತೀರಿ ಅಂತ ಕೇಳಿದೆ. ಬಿಳಿ ಮೇಡಂಗೆ ಅದನ್ನೂ ಕೇಳಿರಲಿಲ್ಲ." ಮುಸ್‌ಅಬ್ ಒಂದು ಕ್ಷಣ ತಡೆಯುತ್ತಾರೆ. ಆಮೇಲೆ ಕೊನೆಯ ವಾಕ್ಯವನ್ನೂ ಬಿಡದೆ ಹೇಳುತ್ತಾರೆ. ಅದು ಅವರ ದೊಡ್ಡತನ ಎಂದು ಬಾವಾಕ ಈಗಲೂ ನೆನೆಯುತ್ತಾರೆ.

ಹಾಗಾದರೆ ಇದು ನೌಕರನ ಲೋಪ ಎಂದು ಪ್ರಿನ್ಸಿಪಾಲರು ಬರೆದುಕೊಳ್ಳತೊಡಗುತ್ತಾರೆ. ಅವರ ದನಿಯಲ್ಲಿ ನಿರಾಳತೆ ಇದೆ.

"ಒಂದು ನಿಮಿಷ," ಎನ್ನುತ್ತಾರೆ ಮಾಲಿವಾನ್. ಎರಡು ವಾರದಲ್ಲಿ ಮೊದಲ ಸಲ ಬಾವಾಕರ ಕಡೆ ನೇರವಾಗಿ ನೋಡಿ, ಪ್ರಿನ್ಸಿಪಾಲರತ್ತ ತಿರುಗುತ್ತಾರೆ. "ಮುಖ ನೋಡಿ ಕೋಣೆ ಕೊಟ್ಟದ್ದು ಇವರ ತಪ್ಪು. ಒಪ್ಪಿದರು. ಆದರೆ ಇಂಥ ಮುಖಕ್ಕೆ ಇಂಥ ಕೋಣೆ ಅಂತ ಮೊದಲೇ ಕಟ್ಟಿಟ್ಟದ್ದು ಯಾರು? ನಾನು ಎರಡು ರಾತ್ರಿ ಮಲಗಿದ ಮಂಚದಲ್ಲಿ ಈಗ ಇನ್ನೊಬ್ಬಳು ಮಲಗಿದ್ದಾಳೆ. ಅವಳ ದೂರು ಯಾರು ಬರೆದುಕೊಳ್ಳುತ್ತಾರೆ?"

ಅದನ್ನು ಪರಿಶೀಲಿಸುವುದಾಗಿ ಪ್ರಿನ್ಸಿಪಾಲರು ಹೇಳುತ್ತಾರೆ. ಇಪ್ಪತ್ತು ನಿಮಿಷಕ್ಕೆ ಸಭೆ ಮುಗಿಯುತ್ತದೆ.

ದೂರನ್ನು ಮಾಲಿವಾನ್ ಹಿಂದಕ್ಕೆ ಪಡೆದಿಲ್ಲ. ಅದರಲ್ಲಿ ಬಾವಾಕರ ಮೇಲಿದ್ದ ಸಾಲನ್ನು ಮಾತ್ರ ಸಭೆಯಲ್ಲೇ ಹೊಡೆದುಹಾಕಿಸಿದ್ದಾರೆ. ಸ್ನೇಹವೇನೂ ಬೆಳೆದಿಲ್ಲ. ಶನಿವಾರ ಮಾರಿಸೆಲ್‌ಳನ್ನು ನೋಡಲು ಅಲ್ ಕೂಜ್‌ಗೆ ಬಂದಾಗ ಮೆಟ್ಟಿಲ ಬಳಿ ಬಾವಾಕ ಎದುರಾಗುತ್ತಾರೆ. "ಗುಡ್ ಮಾರ್ನಿಂಗ್, ಮಿಸ್ಟರ್ ಬಾವಾ." "ಗುಡ್ ಮಾರ್ನಿಂಗ್, ಮಿಸ್ ಮಾಲಿವಾನ್." ಅಷ್ಟೇ. ಹೆಸರನ್ನು ಸರಿಯಾಗಿ ಹೇಳಲು ಅವರು ಮಿನ್ಹಾಳ ಎದುರು ನಾಲ್ಕಾರು ಸಲ ಅಭ್ಯಾಸ ಮಾಡಿದ್ದರು.

ತೀರ್ಪು ಬಂದದ್ದು ಸಭೆಯ ದಿನವೇ, ಮಧ್ಯಾಹ್ನ, ಕಾರಿಡಾರಿನಲ್ಲಿ. ಮುಸ್‌ಅಬ್ ಈ ಸಲ ನಡೆದುಕೊಂಡೇ ಬಂದರು. "ಎರಡು ವರ್ಷ ಆಗ್ಲಿಲ್ಲ ಬಾವಾ ಭಾಯ್. ಒಂದು ವಾರ್ನಿಂಗ್ ಲೆಟರ್, ಮತ್ತೆ ಕಾಂಟ್ರ್ಯಾಕ್ಟ್ ಮಾರ್ಚ್ ಮೂವತ್ತೊಂದರ ತನಕ. ಆಮೇಲಿನದ್ದು ನನ್ನ ಕೈಯಲ್ಲಿಲ್ಲ. ಹೌದು ಅಂತ ಒಂದು ಮಾತು ಹೇಳಿದ್ರೆ..."

"ಗೊತ್ತುಂಟು ಸಾಹೇಬ್ರೆ."

"ಎಂಥ ಮನುಷ್ಯ ನೀವು!" ಮುಸ್‌ಅಬ್ ಬೈದರೋ ಹೊಗಳಿದರೋ ಬಾವಾಕರಿಗೆ ತಿಳಿಯಲಿಲ್ಲ. ಬಹುಶಃ ಮುಸ್‌ಅಬ್‌ಗೂ ತಿಳಿದಿರಲಿಕ್ಕಿಲ್ಲ.

ಮನೆಗೆ ಫೋನು ಮಾಡಿದರೆ ಎತ್ತಿದ್ದು ಮಿನ್ಹಾ. ಶಾಲೆಯಿಂದ ಆಗಷ್ಟೇ ಬಂದಿದ್ದಳು. ಉಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಹಿಂದೆ ಪಾತುಮ್ಮ ಏನಾಯ್ತು, ಏನಾಯ್ತು ಎಂದು ಕೇಳುವುದು ಕೇಳಿಸುತ್ತಿತ್ತು.

"ಮಾರ್ಚ್ ಥರ್ಟಿಫಸ್ಟಾ?"

"ಹೌದು."

"ನನ್ನ ಲಾಸ್ಟ್ ಪೇಪರ್ ಟ್ವೆಂಟಿ ಸಿಕ್ಸ್ತ್. ಐದು ದಿನ ಎಕ್ಸ್‌ಟ್ರಾ ಉಂಟು ಉಪ್ಪ. ಪ್ಯಾಕಿಂಗಿಗೆ ಸಾಕು."

ಏಪ್ರಿಲ್‌ನಲ್ಲಿ ಏನು ಎಂಬುದು ಬಾವಾಕರಿಗೆ ಗೊತ್ತಿಲ್ಲ. ಶಾಲೆ ಮನಸ್ಸು ಬದಲಿಸಬಹುದು, ಬದಲಿಸದೆಯೂ ಇರಬಹುದು. ಐವತ್ತಾರರ ಮನುಷ್ಯನಿಗೆ ಹೊಸ ವಿಸಾ ಕೊಡುವವರು ಕಡಿಮೆ. ಮಗಳ ಪರೀಕ್ಷೆ ಮುಗಿಯಲಿ, ಅಷ್ಟರವರೆಗೆ ಯಾರೂ ಮನೆ ಬಿಡಿಸದಿರಲಿ, ಅವರ ಆಸೆ ಅಷ್ಟೇ. ಹೆದರಿಕೆ ಇಲ್ಲವೇ ಎಂದರೆ ಇದೆ ಎನ್ನುತ್ತಾರೆ. ಹಾಗಾದರೆ ಯಾಕೆ?

"ನೋಡಿ, ಇಪ್ಪತ್ತೇಳು ವರ್ಷದಲ್ಲಿ ದೊಡ್ಡವರು ನನ್ನ ಹತ್ರ ಚಹಾ ಕೇಳಿದ್ದಾರೆ, ಗಾಡಿ ಕೇಳಿದ್ದಾರೆ, ಲೈಟ್ ಹೋಯ್ತು ಯಾಕೆ ಅಂತ ಕೇಳಿದ್ದಾರೆ. ಕುರ್ಚಿ ಕೊಟ್ಟು, ನಡೆದದ್ದು ಎಂತ ನೀವು ಹೇಳಿ ಅಂತ ಕೇಳಿದ್ದು ಅವತ್ತು ಒಂದೇ ದಿನ. ಇನ್ನೊಮ್ಮೆ ಕೇಳ್ತಾರೋ ಇಲ್ವೋ. ಅದನ್ನು ಸುಳ್ಳಿಗೆ ಖರ್ಚು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."